290 ದಿನಗಳ ರಜೆಯ ನಂತರ ಮತ್ತೆ ತರಗತಿಗೆ: ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದ ಅನುಭವ

ನಾನು ಅಘನಾಶಿನಿ ನದಿಯ ಅಳಿವೆಯಿಂದ ಹೆಚ್ಚು ದೂರವಿಲ್ಲದ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಸೇವೆಗೆ ಸೇರಿ ಹತ್ತೊಂಬತ್ತು ವರ್ಷಗಳಾದವು. ಬಲ ಸ್ತನದ ಕ್ಯಾನ್ಸರಿನ ಚಿಕಿತ್ಸೆಗಾಗಿ 2025ರ ಜನವರಿ 15ರಿಂದ ಅಕ್ಟೋಬರ್ 31ರವರೆಗೆ, ಒಟ್ಟು 290 ದಿನ, ರಜೆಯಲ್ಲಿದ್ದೆ. ಶಸ್ತ್ರಚಿಕಿತ್ಸೆ ಹೇಗಿರುತ್ತದೆ, ಕೀಮೋಥೆರಪಿಯಲ್ಲಿ ಏನು ತಿನ್ನಬೇಕು, ಕೂದಲು ಯಾವಾಗ ಉದುರುತ್ತದೆ ಎಂದು ಹೇಳಿಕೊಟ್ಟವರು ಹತ್ತಾರು ಮಂದಿ ಸಿಕ್ಕಿದರು. ಆದರೆ ಎಲ್ಲ ಮುಗಿದ ಮೇಲೆ ಕೆಲಸಕ್ಕೆ ಹಾಜರಾಗುವುದು ಹೇಗೆ, ಅದಕ್ಕೆ ಯಾವ ಕಾಗದ ಬೇಕು, ಮೈ ಎಷ್ಟು ತಡೆಯುತ್ತದೆ ಎಂದು ಹೇಳುವವರು ಒಬ್ಬರೂ ಸಿಗಲಿಲ್ಲ. ಮೊನ್ನೆ ರಜೆ ಮಂಜೂರಾತಿಯ ಕೊನೆಯ ಆದೇಶ ಕೈಸೇರಿತು. ನೆನಪು ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ರಜೆಯ ಲೆಕ್ಕ ಹೇಳುತ್ತೇನೆ, ಏಕೆಂದರೆ ಮರಳುವ ದಿನವನ್ನು ಆ ಲೆಕ್ಕವೇ ನಿರ್ಧರಿಸುತ್ತದೆ. ಬೇಸಿಗೆ ಮತ್ತು ದಸರಾ ರಜೆ ಇರುವ ಕಾರಣಕ್ಕೆ ನಮ್ಮಂಥ ಶಿಕ್ಷಕರಿಗೆ ವರ್ಷಕ್ಕೆ ಹತ್ತು ದಿನ ಮಾತ್ರ ಗಳಿಕೆ ರಜೆ ಜಮೆಯಾಗುತ್ತದೆ. ಅರ್ಧ ವೇತನ ರಜೆ ವರ್ಷಕ್ಕೆ ಇಪ್ಪತ್ತು ದಿನ. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಈ ಅರ್ಧ ವೇತನ ರಜೆಯನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು, ಆದರೆ ಆಗ ಖಾತೆಯಿಂದ ಎರಡು ಪಟ್ಟು ದಿನ ಕಡಿತವಾಗುತ್ತದೆ. ನನ್ನ ಬಳಿ ಗಳಿಕೆ ರಜೆ 94 ದಿನ, ಅರ್ಧ ವೇತನ ರಜೆ 316 ದಿನ ಇತ್ತು. 94 ದಿನ ಗಳಿಕೆ ರಜೆ, 240 ದಿನ ಖರ್ಚು ಮಾಡಿ 120 ದಿನ ಪರಿವರ್ತಿತ ರಜೆ, ಉಳಿದ 76 ದಿನ ಅರ್ಧ ಸಂಬಳ. ಅಕ್ಟೋಬರ್ 31ಕ್ಕೆ ಖಾತೆ ಬರಿದಾಯಿತು. ಅದರಾಚೆ ಇರುವುದು ವೇತನವಿಲ್ಲದ ಅಸಾಧಾರಣ ರಜೆ. ಅರ್ಧ ಸಂಬಳದ ತಿಂಗಳುಗಳಲ್ಲಿ ವಿಮೆಯ ಕಂತು, ಸಹಕಾರಿ ಸಂಘದ ಸಾಲದ ಕಂತು ಮಾತ್ರ ಪೂರ್ತಿಯಾಗಿಯೇ ಹೋಗುತ್ತವೆ ಎಂಬುದನ್ನು ನಾನು ಮುಂಚೆಯೇ ಯೋಚಿಸಿರಲಿಲ್ಲ. ಆಗಸ್ಟಿನ ಕೊನೆಗೆ ಕೈಗೆ ಬಂದ ಮೊತ್ತ ನೋಡಿ ಇಡೀ ದಿನ ಯಾರೊಡನೆಯೂ ಮಾತಾಡಲಿಲ್ಲ. ಈ ಹಾದಿಯಲ್ಲಿ ಹೊರಟವರು ಚಿಕಿತ್ಸೆಯ ಮೊದಲ ವಾರದಲ್ಲೇ ಸೇವಾ ಪುಸ್ತಕ ತರಿಸಿ ನೋಡಿ, ರಜೆಯ ಬಾಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಬಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯಬೇಕು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಎಷ್ಟೋ ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ನಾನು ಹೋದದ್ದು ಮಂಗಳೂರಿಗೆ. ಜನವರಿಯಲ್ಲಿ ಸ್ತನದ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ಮೂರು ವಾರಕ್ಕೊಂದರಂತೆ ನಾಲ್ಕು ಕೀಮೋ, ಅದಾದ ಮೇಲೆ ವಾರಕ್ಕೊಂದರಂತೆ ಹನ್ನೆರಡು. ಕೊನೆಯಲ್ಲಿ ಹದಿನೈದು ದಿನದ ರೇಡಿಯೇಶನ್. ರೇಡಿಯೇಶನ್ ಶನಿವಾರ, ಭಾನುವಾರ ಮತ್ತು ಹಬ್ಬದ ದಿನ ಇರುವುದಿಲ್ಲವಾದ್ದರಿಂದ ಹದಿನೈದು ದಿನದ ಚಿಕಿತ್ಸೆಗೆ ಇಪ್ಪತ್ತೆರಡು ದಿನ ಅಲ್ಲಿ ಕೋಣೆ ಹಿಡಿದಿದ್ದೆವು, ದಿನಕ್ಕೆ 700 ರೂಪಾಯಿ. ಚೌತಿಯೂ ಅದೇ ವಾರಗಳಲ್ಲಿ ಬಂತು. ಮನೆಯಲ್ಲಿ ಗಣಪತಿ ಕೂರಿಸುವ ಹೊತ್ತಿಗೆ ನಾನು ಆ ಕೋಣೆಯಲ್ಲಿ ಕಿಟಕಿ ತೆರೆದು ಮಳೆ ನೋಡುತ್ತ ಕೂತಿದ್ದೆ. ದೊಡ್ಡ ಖರ್ಚನ್ನು ನೌಕರರ ಜ್ಯೋತಿ ಸಂಜೀವಿನಿ ಯೋಜನೆ ಹೊತ್ತುಕೊಂಡಿತು. ಆದರೂ ಓಡಾಟ, ವಸತಿ, ಹೊರಗಿನ ಔಷಧಿ ಮತ್ತು ಕೆಲವು ಪರೀಕ್ಷೆಗಳಿಗೆಂದು ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕೈಯಿಂದಲೇ ಹೋಯಿತು.

ರೈಲಿನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಇದು ಗೊತ್ತಾದದ್ದು ಅರ್ಧ ಕೀಮೋ ಮುಗಿದ ಮೇಲೆ. ಚಿಕಿತ್ಸೆಗೆ ಮತ್ತು ನಂತರದ ತಪಾಸಣೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿ ಬೋಗಿಯಲ್ಲಿ ಟಿಕೆಟಿನ ಪೂರ್ತಿ ಹಣ ಮಾಫಿ. ಜೊತೆಗೆ ಬರುವವರೊಬ್ಬರಿಗೆ ಶೇಕಡಾ 75 ರಿಯಾಯಿತಿ. ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯವರು ಬರೆದು, ಸಹಿ ಮತ್ತು ಮೊಹರು ಹಾಕಿ ಕೊಟ್ಟ ಪ್ರಮಾಣಪತ್ರ ಬೇಕು. ನಮ್ಮ ಮನೆಯವರು ಕುಮಟಾ ನಿಲ್ದಾಣದ ಕೌಂಟರಿನಲ್ಲಿ ಅದನ್ನು ತೋರಿಸಿ ಟಿಕೆಟ್ ತೆಗೆಸುತ್ತಿದ್ದರು. ಕೆಲಸಕ್ಕೆ ಮರಳಿದ ಮೇಲೂ ತಪಾಸಣೆಗೆ ಹೋಗುವುದು ಇದ್ದೇ ಇರುತ್ತದೆ, ಆದ್ದರಿಂದ ಆ ನಮೂನೆಯ ಖಾಲಿ ಪ್ರತಿಗಳನ್ನು ಕಡತದಲ್ಲಿ ಇಟ್ಟುಕೊಳ್ಳಿ.

ಸೆಪ್ಟೆಂಬರ್ ಮಧ್ಯದಲ್ಲಿ ರೇಡಿಯೇಶನ್ ಮುಗಿಯಿತು. ಊರಿನವರೆಲ್ಲ "ಅಂತೂ ಮುಗೀತಲ್ಲ" ಎಂದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮನೆಗೆ ಬಂದ ನಾಲ್ಕನೇ ದಿನ, ನೆರೆಮನೆಯ ಒಂಬತ್ತನೇ ತರಗತಿಯ ಹುಡುಗಿಗೆ ಲೆಕ್ಕ ಹೇಳಿಕೊಡಲು ನಿಂತೆ. ಹತ್ತು ನಿಮಿಷದಲ್ಲಿ ಉಸಿರು ಸಾಲದೆ ಕುರ್ಚಿ ಎಳೆದುಕೊಂಡು ಕೂರಬೇಕಾಯಿತು. ಆಗ ನನಗೆ ತಿಳಿಯಿತು, ಚಿಕಿತ್ಸೆ ಮುಗಿದ ದಿನ ಬೇರೆ, ಕೆಲಸಕ್ಕೆ ತಯಾರಾದ ದಿನ ಬೇರೆ. ಉಳಿದ ಆರೂವರೆ ವಾರವನ್ನು ವಿಶ್ರಾಂತಿ ಎಂದು ಕಳೆಯದೆ, ತರಗತಿಗೆ ಬೇಕಾದ ಮೈಯನ್ನು ಕಟ್ಟಿಕೊಳ್ಳಲು ಬಳಸಬೇಕೆಂದು ನಿರ್ಧರಿಸಿದೆ. ಅದೇ ಹುಡುಗಿಗೆ ದಿನವೂ ಪಾಠ ಹೇಳಿದೆ. ಮೊದಲ ವಾರ ಹದಿನೈದು ನಿಮಿಷ, ಅಕ್ಟೋಬರಿನ ಕೊನೆಗೆ ನಲವತ್ತು ನಿಮಿಷ, ನಿಂತುಕೊಂಡೇ, ತರಗತಿಯ ದನಿಯಲ್ಲಿ.

ಕೈಯದ್ದು ಇನ್ನೂ ಕಷ್ಟದ ವಿಷಯವಾಗಿತ್ತು. ಕಂಕುಳಿನ ಗ್ರಂಥಿಗಳನ್ನು ತೆಗೆದ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ, ರೇಡಿಯೇಶನ್ ಆದ ಮೇಲಂತೂ ಒಳಗಿನಿಂದ ಹಗ್ಗ ಬಿಗಿದ ಹಾಗೆ ಜಗ್ಗುತ್ತಿತ್ತು. ಆಸ್ಪತ್ರೆಯಲ್ಲಿ ಕಲಿಸಿದ ವ್ಯಾಯಾಮವೊಂದಿದೆ. ಗೋಡೆಗೆ ಎದುರಾಗಿ ನಿಂತು ಎರಡು ಬೆರಳನ್ನು ಗೋಡೆಯ ಮೇಲೆ ಒಂದೊಂದೇ ಹೆಜ್ಜೆ ಹತ್ತಿಸುತ್ತ ಹೋಗುವುದು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ನಾನು ಅದನ್ನು ಮಾಡುತ್ತಿದ್ದೆ. ನೋವು ತಡೆದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದೆ. ಒಂದು ದಿನ ಮಗನನ್ನು ಟೇಪು ಕೊಟ್ಟು ಶಾಲೆಗೆ ಕಳುಹಿಸಿ, ಹತ್ತನೇ ತರಗತಿಯ ಕಪ್ಪುಹಲಗೆಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಸಿದೆ. ಆರು ಅಡಿ ನಾಲ್ಕು ಅಂಗುಲ. ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಕೆಂಪು ಬಣ್ಣದ ಗೆರೆಯೊಂದನ್ನು ಎಳೆದೆ. ಸೆಪ್ಟೆಂಬರ್ 20ರ ಪೆನ್ಸಿಲ್ ಗೆರೆ ನಾಲ್ಕು ಅಡಿ ಹತ್ತು ಅಂಗುಲದಲ್ಲಿತ್ತು, ಅಕ್ಟೋಬರ್ 30ರದ್ದು ಐದು ಅಡಿ ಎಂಟು ಅಂಗುಲದಲ್ಲಿ. ಕೆಂಪು ಗೆರೆಗೆ ಮುಟ್ಟಲಿಲ್ಲ. ಅತ್ತೆಯವರು ಆ ಗೋಡೆಗೆ ಈ ವರ್ಷ ಸುಣ್ಣ ಹೊಡೆಯಲು ಬಿಡಲಿಲ್ಲ. ನೀವು ಯಾವ ಕೆಲಸದಲ್ಲಿದ್ದರೂ ನಿಮ್ಮ ಕೆಲಸ ನಿಮ್ಮ ಮೈಯಿಂದ ಏನು ಕೇಳುತ್ತದೆ ಎಂದು ಅಳತೆ ಹಿಡಿದು ಫಿಸಿಯೋಥೆರಪಿಯವರಿಗೆ ತಿಳಿಸಿ. ನಾನು ಶಿಕ್ಷಕಿ ಎಂದಷ್ಟೇ ಹೇಳಿದಾಗ ಅವರು ಕೂತು ಮಾಡುವ ಕೆಲಸವೆಂದು ತಿಳಿದಿದ್ದರು. ಹಲಗೆಯ ಎತ್ತರ ಹೇಳಿದ ಮೇಲೆ ವ್ಯಾಯಾಮವನ್ನೇ ಬದಲಿಸಿದರು.

ಅಕ್ಟೋಬರ್ 27ಕ್ಕೆ ಫಿಟ್‌ನೆಸ್ ಪ್ರಮಾಣಪತ್ರಕ್ಕಾಗಿ ಮಂಗಳೂರಿಗೆ ಹೋದೆ. ಅನಾರೋಗ್ಯದ ರಜೆಯಿಂದ ಮರಳುವವರು ಇದಿಲ್ಲದೆ ಹಾಜರಾಗುವಂತಿಲ್ಲ. ನನ್ನ ಕೈಯ ಸ್ಥಿತಿ ನೋಡಿ ಕಾಳಜಿಯಿಂದಲೇ ವೈದ್ಯರು "ಹಗುರ ಕೆಲಸಕ್ಕೆ ಯೋಗ್ಯರು" ಎಂದು ಬರೆದುಕೊಟ್ಟರು. ಓದಿ ಸಮಾಧಾನಪಟ್ಟೆ. ಆ ಎರಡು ಪದ ಮುಂದೆ ಎರಡೂವರೆ ತಿಂಗಳು ನನ್ನ ಸಂಬಳ ನಿಲ್ಲಿಸುತ್ತವೆ ಎಂದು ಆಗ ಹೊಳೆಯಲಿಲ್ಲ.

ನವೆಂಬರ್ 1 ಶನಿವಾರ ರಾಜ್ಯೋತ್ಸವ, 2 ಭಾನುವಾರ, ಹಾಜರಾಗಬೇಕಾದದ್ದು 3ರ ಸೋಮವಾರ. ರಾಜ್ಯೋತ್ಸವದ ದಿನ ಧ್ವಜಾರೋಹಣಕ್ಕೆ ಸುಮ್ಮನೆ ಅತಿಥಿಯಂತೆ ಹೋಗಿಬಂದೆ. ಹೀಗೆ ಮಾಡಿದ್ದು ಒಳ್ಳೆಯದಾಯಿತು. ಕೂದಲು ಆಗಿನ್ನೂ ಒಂದಂಗುಲ ಬಂದಿತ್ತು. ತಲೆಗೆ ಹತ್ತಿಯ ಬಟ್ಟೆ ಕಟ್ಟಿದ್ದೆ. ಮಕ್ಕಳು ದೂರದಿಂದ ನೋಡಿದರು, ಗುಸುಗುಸು ಮಾತಾಡಿದರು, ಕೊನೆಗೆ ಹತ್ತಿರ ಬಂದು ಲಾಡು ಕೊಟ್ಟರು. ನೋಡುವುದು, ಬೆರಗಾಗುವುದು ಎಲ್ಲವೂ ಪಾಠವಿಲ್ಲದ ದಿನವೇ ಮುಗಿದುಹೋಯಿತು. ಸೋಮವಾರ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಕರ್ತವ್ಯಕ್ಕೆ ಹಾಜರಾದ ವರದಿಯನ್ನು ಎರಡು ಪ್ರತಿಯಲ್ಲಿ ಮುಖ್ಯ ಶಿಕ್ಷಕರಿಗೆ ಕೊಟ್ಟು, ಒಂದರ ಮೇಲೆ ಸ್ವೀಕೃತಿ ಬರೆಸಿಕೊಂಡೆ. ಸಹಿ ಮಾಡುವಾಗ ಪೆನ್ನು ಹಿಡಿದಿರುವುದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಎರಡನೇ ಹಂತದ ಕೀಮೋ ಬೆರಳ ತುದಿಗಳನ್ನು ಜೋಮು ಹಿಡಿಸಿಬಿಟ್ಟಿತ್ತು.

ನನ್ನ ಜಾಗದಲ್ಲಿ ಪಾಠ ಮಾಡುತ್ತಿದ್ದ ಅತಿಥಿ ಶಿಕ್ಷಕಿ ಅಂಕೋಲಾ ಕಡೆಯ ಹುಡುಗಿ. ನಾನು ಬಂದರೆ ಅವಳ ಕೆಲಸ ಹೋಗುತ್ತದೆ ಎಂಬುದು ರಾತ್ರಿಯೆಲ್ಲ ಕಾಡಿತ್ತು. ಅವಳು ಪ್ರತಿ ಅಧ್ಯಾಯದಲ್ಲಿ ಯಾವ ಮಗು ಎಲ್ಲಿ ತಡವರಿಸುತ್ತದೆ ಎಂದು ಬರೆದಿಟ್ಟ ನೋಟುಪುಸ್ತಕವನ್ನು ನನ್ನ ಕೈಗಿತ್ತಳು. ಮುಖ್ಯ ಶಿಕ್ಷಕರು ಹೇಗೋ ಹೊಂದಿಸಿ ತಿಂಗಳ ಕೊನೆಯವರೆಗೆ ಅವಳನ್ನು ಉಳಿಸಿಕೊಂಡರು, ಎಂಟನೇ ತರಗತಿಯನ್ನು ಅವಳೇ ನೋಡಿಕೊಂಡಳು. ಆ ನಾಲ್ಕು ವಾರ ಇಲ್ಲದಿದ್ದರೆ ನಾನು ನಿಲ್ಲುತ್ತಿರಲಿಲ್ಲ. ಮೆಲ್ಲಗೆ ಕೆಲಸಕ್ಕೆ ಹೊಂದಿಕೊಳ್ಳುವ ಅವಕಾಶ ಯಾವ ನಿಯಮದಲ್ಲೂ ನನಗೆ ಕಾಣಲಿಲ್ಲ, ಜೊತೆಯವರ ಸಹಾಯದಿಂದಲೇ ಅದನ್ನು ಮಾಡಿಕೊಳ್ಳಬೇಕು. ಅದಕ್ಕಾಗಿ ಬಾಯಿಬಿಟ್ಟು ಕೇಳಬೇಕು. ನಾನು ಕೇಳಿದ್ದು ಇಷ್ಟು: ಎರಡು ಅವಧಿ ಬೆನ್ನುಬೆನ್ನಿಗೆ ಬೇಡ, ಮಧ್ಯಾಹ್ನ ಎರಡೂವರೆಯ ನಂತರ ಹತ್ತನೇ ತರಗತಿ ಬೇಡ, ಆ ಹೊತ್ತಿಗೆ ಕಾಲಿನಲ್ಲಿ ಬಲವೇ ಇರುವುದಿಲ್ಲ, ಉತ್ತರ ಪತ್ರಿಕೆಗಳ ಕಟ್ಟನ್ನು ನಾನು ಹೊರುವುದಿಲ್ಲ. ಬದಲಿಗೆ ವೇಳಾಪಟ್ಟಿ, ಅಂಕಪಟ್ಟಿಗಳ ಕೆಲಸ ನನ್ನದು ಎಂದೆ. ಎಲ್ಲರೂ ಒಪ್ಪಿದರು. "ಸ್ವಲ್ಪ ಕಷ್ಟ ಆಗ್ತದೆ" ಎಂದು ಮೊದಲ ದಿನ ಹೇಳಿದಾಗ ಯಾರಿಗೂ ಏನು ಮಾಡಬೇಕೆಂದು ತಿಳಿದಿರಲಿಲ್ಲ, ಹೀಗೆ ಬಿಡಿಬಿಡಿಯಾಗಿ ಹೇಳಿದಾಗ ತಿಳಿಯಿತು.

ಮೊದಲ ಪಾಠದ ದಿನ ಸೀಮೆಸುಣ್ಣ ಮೂರು ಬಾರಿ ಕೈಜಾರಿ ಬಿದ್ದು ಮುರಿಯಿತು. ಥೇಲ್ಸ್ ಪ್ರಮೇಯದ ತ್ರಿಭುಜವನ್ನು ಹಲಗೆಯ ಕೆಳಗಿನ ಅರ್ಧದಲ್ಲಿ ಬರೆದೆ, ಹಿಂದಿನ ಬೆಂಚಿನವರಿಗೆ ಕಾಣಲಿಲ್ಲ. ಮೇಲೆ ಬರೆಯಲು ಹೋದಾಗ ಕೈ ಅರ್ಧಕ್ಕೇ ನಿಂತಿತು, ಕಣ್ಣಲ್ಲಿ ನೀರು ಬಂತು. ಎರಡನೇ ಬೆಂಚಿನ ಹುಡುಗಿ ಎದ್ದು ಬಂದು, "ಅಕ್ಕೋರೇ, ನೀವು ಹೇಳಿ, ನಾ ಬರೀತೆ" ಎಂದು ಸೀಮೆಸುಣ್ಣ ತೆಗೆದುಕೊಂಡಳು. ಅಂದಿನಿಂದ ದಿನಕ್ಕೊಬ್ಬರಂತೆ ಸರದಿಯಲ್ಲಿ ಹಲಗೆಗೆ ಬರುತ್ತಾರೆ. ಕೆಳಭಾಗ ನನ್ನದು, ಮೇಲ್ಭಾಗ ಅವರದು. ಸೀಮೆಸುಣ್ಣಕ್ಕೆ ಸೈಕಲ್ಲಿನ ಹಳೆಯ ಟ್ಯೂಬಿನ ತುಂಡೊಂದನ್ನು ಸುತ್ತಿಕೊಂಡೆ. ಈಗ ಜಾರುವುದಿಲ್ಲ. ಮರೆವು ಕೂಡ ಇತ್ತು. ಏಳೆಂಟಲೆ ಐವತ್ನಾಲ್ಕು ಎಂದು ಬರೆದುಬಿಟ್ಟೆ. ಇಷ್ಟು ವರ್ಷದಲ್ಲಿ ಮಗ್ಗಿ ತಪ್ಪಿದ್ದು ಅದೇ ಮೊದಲು. ಕೀಮೋ ನಂತರ ಕೆಲ ತಿಂಗಳು ಹೀಗಾಗಬಹುದು, ಕ್ರಮೇಣ ಕಡಿಮೆಯಾಗುತ್ತದೆ ಎಂದು ವೈದ್ಯರು ಹೇಳಿದ್ದನ್ನು ಮಕ್ಕಳಿಗೂ ಹೇಳಿದೆ. ಲೆಕ್ಕಗಳನ್ನು ಹಿಂದಿನ ರಾತ್ರಿಯೇ ಪೂರ್ತಿ ಬಿಡಿಸಿ ಪಾಠ ಟಿಪ್ಪಣಿಯಲ್ಲಿ ಬರೆದುಕೊಂಡು ಹೋಗತೊಡಗಿದೆ, ಮಕ್ಕಳ ಹೆಸರನ್ನು ಬೆಂಚಿನ ಕ್ರಮದಲ್ಲಿ ಬರೆದು ಮೇಜಿಗೆ ಅಂಟಿಸಿದೆ.

ಬಲಗೈಯನ್ನು ಕಾಯಬೇಕಾದ ಎಚ್ಚರ ಜೀವನಪೂರ್ತಿ ಇರುತ್ತದೆ. ಗ್ರಂಥಿ ತೆಗೆದ ಕೈಯಲ್ಲಿ ನೀರು ತುಂಬಿ ಬಾವು ಬರಬಹುದು. ಆದ್ದರಿಂದ ಚೀಲ ಎಡಗೈಯಲ್ಲಿ, ಸೂಜಿಯಾಗಲಿ ಬಿಪಿ ಪಟ್ಟಿಯಾಗಲಿ ಎಡಗೈಗೇ. ಬಸ್ಸಿನಲ್ಲಿ ನಿಲ್ಲಬೇಕಾದರೆ ಮೇಲಿನ ಕಂಬಿ ಹಿಡಿಯಲಾರೆ. ಒಂದು ದಿನ ಚಾಲಕರು ಬ್ರೇಕು ಹಾಕಿದಾಗ ಮುಗ್ಗರಿಸಿದ ಮೇಲೆ ನಾನೇ ನಿರ್ವಾಹಕರಿಗೆ ವಿಷಯ ತಿಳಿಸಿದೆ; ಅಂದಿನಿಂದ ಮುಂದಿನ ಸೀಟು ಕೊಡಿಸುತ್ತಾರೆ. ಸೀರೆಯ ಒಳಗೆ ಧರಿಸುವ ಕೃತಕ ಸ್ತನ ಕರಾವಳಿಯ ಸೆಕೆಯಲ್ಲಿ ದಿನವಿಡೀ ಕಷ್ಟ, ರೇಡಿಯೇಶನ್ ಆದ ಚರ್ಮ ಉರಿಯುತ್ತದೆ. ಸಿಲಿಕೋನಿನದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಕೊನೆಗೆ ಹತ್ತಿಯ ನೂಲಿನಿಂದ ಹೆಣೆದ ಹಗುರವಾದದ್ದಕ್ಕೇ ಬಂದೆ. ಕೊಳ್ಳುವ ಮೊದಲು ಎರಡನ್ನೂ ಅರ್ಧ ದಿನ ಧರಿಸಿ ನೋಡಲು ಕೇಳಿ.

ಜನರ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಹಿರಿಯ ಸಹೋದ್ಯೋಗಿಯೊಬ್ಬರು ಸ್ವಯಂ ನಿವೃತ್ತಿ ತೆಗೆದುಕೊಂಡು ಆರಾಮಾಗಿ ಇರಬಾರದೇಕೆ ಎಂದಾಗ ಮಾತ್ರ ಬಹಳ ನೋವಾಯಿತು. ಆರಾಮಾಗಿದ್ದ ಆ ತಿಂಗಳುಗಳಲ್ಲಿ ನಾನು ದಿನವೂ ಕಾಯಿಲೆಯನ್ನೇ ಯೋಚಿಸಿದ್ದೇನೆ. ತರಗತಿಯೊಳಗೆ ಇರುವ ನಲವತ್ತು ನಿಮಿಷ ಮಾತ್ರ ಅದು ನೆನಪಿಗೆ ಬರುವುದಿಲ್ಲ.

ಹಾಜರಾಗಿ ಹನ್ನೆರಡು ದಿನಕ್ಕೆ ಮೇಲಿನ ಕಚೇರಿಯಿಂದ ಕಡತ ವಾಪಸು ಬಂತು. ಇಷ್ಟು ದೀರ್ಘ ರಜೆಯ ಮಂಜೂರಾತಿ ಮುಖ್ಯ ಶಿಕ್ಷಕರ ಅಧಿಕಾರದಲ್ಲಿಲ್ಲ, ಮಂಜೂರಾತಿಯಿಲ್ಲದೆ ಅವರು ವೇತನ ಬಿಲ್ಲು ಮಾಡುವಂತಿಲ್ಲ. ಆಕ್ಷೇಪಣೆ ಏನೆಂದರೆ, "ಹಗುರ ಕೆಲಸ" ಎಂಬುದು ಇಲ್ಲ. ಕರ್ತವ್ಯಕ್ಕೆ ಯೋಗ್ಯರು ಅಥವಾ ಯೋಗ್ಯರಲ್ಲ ಎಂದಷ್ಟೇ ಇರಬೇಕು. ಒಂದು ದಿನದ ಸಾಂದರ್ಭಿಕ ರಜೆ ಹಾಕಿ ಮತ್ತೆ ಮಂಗಳೂರಿಗೆ ಹೋದೆ. ಹೊಸ ಪ್ರಮಾಣಪತ್ರ ತಂದು ಕೊಟ್ಟರೆ ಅದಕ್ಕೂ ಆಕ್ಷೇಪಣೆ ಬಂತು: ಪ್ರಮಾಣಪತ್ರದ ತಾರೀಖು ನವೆಂಬರ್ 18, ಹಾಜರಾದದ್ದು 3ಕ್ಕೆ, ಹಾಗಾದರೆ ಯೋಗ್ಯತೆ ಇಲ್ಲದೆ ಹಾಜರಾದಂತಾಯಿತಲ್ಲ? ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಎರಡನ್ನೂ ಒಂದೇ ಬಾರಿ ಹೇಳಿದ್ದರೆ ನನಗೆ ಒಂದು ಪ್ರಯಾಣ ಉಳಿಯುತ್ತಿತ್ತು, ಮೂರು ವಾರವೂ ಉಳಿಯುತ್ತಿತ್ತು. ಮೂರನೆಯ ಬಾರಿ ನಮ್ಮ ಮನೆಯವರು ಹೋದರು. ವೈದ್ಯರು ಅಕ್ಟೋಬರ್ 27ರ ತಪಾಸಣೆಯನ್ನೂ ಆಸ್ಪತ್ರೆಯ ದಾಖಲೆ ಸಂಖ್ಯೆಯನ್ನೂ ಉಲ್ಲೇಖಿಸಿ, ಆ ದಿನ ಪರೀಕ್ಷಿಸಿದಂತೆ ನವೆಂಬರ್ 3ರಿಂದ ಕರ್ತವ್ಯಕ್ಕೆ ಮರಳಲು ಯೋಗ್ಯರೆಂದು ಬರೆದರು. ಅದು ನಡೆಯಿತು. ನೀವು ಮೊದಲೇ ಎರಡು ಕಾಗದ ಬೇರೆಬೇರೆ ಬರೆಸಿ. ಕಚೇರಿಗೆ ಕೊಡುವುದರಲ್ಲಿ ಯಾವ ಷರತ್ತೂ ಇಲ್ಲದೆ ಕರ್ತವ್ಯಕ್ಕೆ ಯೋಗ್ಯರು ಎಂದಿರಲಿ. ಭಾರ ಎತ್ತಬಾರದು, ಹೆಚ್ಚು ಹೊತ್ತು ನಿಲ್ಲಬಾರದು ಎಂಬ ಸಲಹೆಗಳು ಮುಖ್ಯ ಶಿಕ್ಷಕರಿಗೆ ತೋರಿಸುವ ಇನ್ನೊಂದು ಪತ್ರದಲ್ಲಿರಲಿ. ಆ ಎರಡನೆಯ ಪತ್ರವೇ ಮುಂದೆ ಕಾರವಾರದ ಎರಡು ದಿನದ ತರಬೇತಿಯಿಂದ ನನಗೆ ವಿನಾಯಿತಿ ಕೊಡಿಸಿತು.

ಸಂಬಳವಿಲ್ಲದ ಆ ದಿನಗಳನ್ನು ತಮ್ಮ ಕಳುಹಿಸಿದ ಹಣದಲ್ಲಿ, ಅಂಗಡಿಯ ಉದ್ರಿಯಲ್ಲಿ ಕಳೆದೆವು. ಹಾಜರಾದ ಮೇಲೆ ಮೂರು ತಿಂಗಳ ಮನೆಖರ್ಚು ಕೈಯಲ್ಲಿ ಇರುವಂತೆ ನೋಡಿಕೊಳ್ಳಿ ಎಂದು ಯಾರಾದರೂ ನನಗೆ ಹೇಳಬೇಕಿತ್ತು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇರುವವರಿಗೆ 80ಡಿಡಿಬಿ ಎಂಬ ಕಲಮಿನಡಿ (2025-26ರವರೆಗಿನ ಖರ್ಚಿಗೆ ಇದ್ದ ಕಲಮು) ಕ್ಯಾನ್ಸರ್ ಚಿಕಿತ್ಸೆಗೆ ಕೈಯಿಂದ ಮಾಡಿದ ಖರ್ಚಿನಲ್ಲಿ 40,000 ರೂಪಾಯಿವರೆಗೆ ವಿನಾಯಿತಿ ಇದೆ. ಕ್ಯಾನ್ಸರ್ ತಜ್ಞರ ಚೀಟಿ ಬೇಕು. ಇದನ್ನು ನನಗೆ ತಿಳಿಸಿದ್ದು ನಮ್ಮ ಶಾಲೆಯ ಗುಮಾಸ್ತರು.

ಜನವರಿ ಕೊನೆಗೆ ಮಂಜೂರಾತಿ ಆದೇಶವಾಯಿತು, ಬಾಕಿ ವೇತನವೂ ಬಂತು. ಸೇವಾ ಪುಸ್ತಕದಲ್ಲಿ ನಮೂದಾಗುವುದನ್ನು ಕಣ್ಣಾರೆ ನೋಡಿ ಎಂದು ಗುಮಾಸ್ತರು ಹೇಳಿದ್ದರಿಂದ ಮೊನ್ನೆ ಕೂತು ಓದಿದೆ. ಗಳಿಕೆ ರಜೆ ಏಪ್ರಿಲ್ 18ರವರೆಗೆ, ಪರಿವರ್ತಿತ ರಜೆ ಏಪ್ರಿಲ್ 19ರಿಂದ ಆಗಸ್ಟ್ 16ರವರೆಗೆ, ಅರ್ಧ ವೇತನ ರಜೆ ಆಗಸ್ಟ್ 18ರಿಂದ ಅಕ್ಟೋಬರ್ 31ರವರೆಗೆ. ಕೂಡಿಸಿ ನೋಡಿದೆ, 289 ಬಂತು. ಇನ್ನೊಮ್ಮೆ ಕೂಡಿಸಿದರೂ ಅಷ್ಟೇ. ಆಗಸ್ಟ್ 17 ಭಾನುವಾರ, ಯಾವ ರಜೆಗೂ ಸೇರದೆ ಬಿಟ್ಟುಹೋಗಿತ್ತು. ಹಾಗೆಯೇ ಬಿಟ್ಟಿದ್ದರೆ ಎಂದೋ ಒಂದು ದಿನ ಅದು ಅನಧಿಕೃತ ಗೈರುಹಾಜರಿಯೆಂದು ತಲೆ ಎತ್ತುತ್ತಿತ್ತು. ಗುಮಾಸ್ತರು 18ನ್ನು ಹೊಡೆದು 17 ಎಂದು ತಿದ್ದಿದರು, ಮುಖ್ಯ ಶಿಕ್ಷಕರು ಪಕ್ಕದಲ್ಲಿ ಸಹಿ ಮಾಡಿದರು. ಶಾಯಿ ಒಣಗುವವರೆಗೆ ಕಾದು ಆ ಪುಟದ ಫೋಟೊ ತೆಗೆದುಕೊಂಡು, ನಾಲ್ಕನೇ ಅವಧಿಗೆ ಹತ್ತನೇ ತರಗತಿಗೆ ಹೋದೆ.